ಆಕಾಶವನ್ನು ದಿನಾಂಕ ಹಾಕಿ ಬರೆದ ಚಿತ್ರಕಾರ: ಜಾನ್ ಕಾನ್‌ಸ್ಟೆಬಲ್

[ತೆರೆಯ ಮೇಲೆ: ‘ದಿ ಹೇ ವೇನ್’ ಚಿತ್ರ, ಪೂರ್ತಿ]

ನಮಸ್ಕಾರ. ಈ ಚಿತ್ರ ನೋಡಿದ ಕೂಡಲೇ ಕಣ್ಣು ಹೋಗುವುದು ನದಿಯಲ್ಲಿ ನಿಂತಿರುವ ಗಾಡಿಯ ಕಡೆಗೆ, ಅಲ್ವಾ? ಗಾಡಿಗೆ ಆಮೇಲೆ ಬರೋಣ. ಮೊದಲು ಮೇಲಿರುವ ಮೋಡಗಳನ್ನು ನೋಡಿ. ಇಡೀ ಚಿತ್ರವನ್ನು ನಡೆಸುತ್ತಿರುವುದು ಅವೇ.

ಇದನ್ನು ಬರೆದವರು ಜಾನ್ ಕಾನ್‌ಸ್ಟೆಬಲ್. 1776ರಲ್ಲಿ ಇಂಗ್ಲೆಂಡಿನ ಸಫೋಕ್ ಸೀಮೆಯ ಈಸ್ಟ್ ಬರ್ಗ್‌ಹೋಲ್ಟ್ ಹಳ್ಳಿಯಲ್ಲಿ ಹುಟ್ಟಿದರು. ಅಪ್ಪ ಅನುಕೂಲಸ್ಥ ಧಾನ್ಯದ ವ್ಯಾಪಾರಿ. ಸ್ಟೌರ್ ನದಿಯ ದಡದಲ್ಲಿ ನೀರಿನಿಂದ ಓಡುವ ಹಿಟ್ಟಿನ ಗಿರಣಿ ಇತ್ತು, ಜೊತೆಗೆ ಒಂದು ಗಾಳಿಗಿರಣಿ. ಜಾನ್ ಕೂಡ ಸ್ವಲ್ಪ ಕಾಲ ಗಿರಣಿ ಕೆಲಸ ಮಾಡಿದರು. ಗಾಳಿಗಿರಣಿ ನಡೆಸುವವರು ಸುಮ್ನೆ ಆಕಾಶ ನೋಡುವುದಿಲ್ಲ. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಬೇಗ ಬರುತ್ತಿದೆ, ಎಲ್ಲ ಗೊತ್ತಿರಬೇಕು. ಅಣ್ಣ ಬರೆದ ಗಿರಣಿ ನೋಡಿದರೆ ಅದು ತಿರುಗುತ್ತೆ ಅಂತ ಗೊತ್ತಾಗುತ್ತೆ ಎಂದು ತಮ್ಮ ಏಬ್ರಾಮ್ ಹೇಳುತ್ತಿದ್ದರಂತೆ. ನನಗೆ ಕಾನ್‌ಸ್ಟೆಬಲ್ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ.

1799ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ಆಗ ದೊಡ್ಡ ಕಲೆ ಅಂದರೆ ಪುರಾಣ, ಇತಿಹಾಸ, ಯುದ್ಧ. ಹೊಲ, ಗದ್ದೆ, ಮರ ಬರೆಯುವವರಿಗೆ ಅಂಥ ಮರ್ಯಾದೆ ಇರಲಿಲ್ಲ. ಕಾನ್‌ಸ್ಟೆಬಲ್ ಮಾತ್ರ ತಮ್ಮ ಊರಿನ ಹೊಳೆ ದಂಡೆಯನ್ನೇ ಹಿಡಿದು ಕೂತರು. ಗಿರಣಿ ಕಟ್ಟೆಯಿಂದ ನೀರು ಧುಮುಕುವ ಸದ್ದು, ಕೊಳೆತ ಹಲಗೆ, ಪಾಚಿ ಕಟ್ಟಿದ ಕಂಬ, ಇವೆಲ್ಲ ನನಗೆ ಇಷ್ಟ ಅಂತ ಗೆಳೆಯ ಜಾನ್ ಫಿಶರ್‌ಗೆ ಪತ್ರ ಬರೆದಿದ್ದರು.

[ತೆರೆಯ ಮೇಲೆ: ಮೋಡಗಳ ಪುಟ್ಟ ಚಿತ್ರಗಳು, ಒಂದಾದ ಮೇಲೆ ಒಂದು]

ಈಗ ಇವನ್ನು ನೋಡಿ. 1821 ಮತ್ತು 1822ರಲ್ಲಿ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕೂತು ಬರೆದವು. ಕಾಗದದ ಮೇಲೆ ಎಣ್ಣೆ ಬಣ್ಣ. ಕೆಲವದರಲ್ಲಿ ಮರ ಇಲ್ಲ, ಮನೆ ಇಲ್ಲ, ನೆಲವೇ ಇಲ್ಲ. ಬರೀ ಮೋಡ. ಮೋಡ ಕಾಯುತ್ತಾ ನಿಲ್ಲುವುದಿಲ್ಲವಲ್ಲ, ಅದಕ್ಕೇ ಕುಂಚದ ಎಳೆಗಳಲ್ಲಿ ಆ ಅವಸರ. ಅನೇಕ ಚಿತ್ರಗಳ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟಿದ್ದಾರೆ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು ಲೂಕ್ ಹೋವರ್ಡ್ ಎಂಬುವರು ಮೋಡಗಳನ್ನು ಬಗೆಬಗೆಯಾಗಿ ವಿಂಗಡಿಸಿ ಹೆಸರಿಟ್ಟಿದ್ದರು. ಹವಾಮಾನದ ಪುಸ್ತಕಗಳನ್ನು ಕಾನ್‌ಸ್ಟೆಬಲ್ ಕೂಡ ಓದುತ್ತಿದ್ದರು.

[ತೆರೆಯ ಮೇಲೆ: ಮತ್ತೆ ‘ದಿ ಹೇ ವೇನ್’, ಎಡಗಡೆಯ ಮನೆ, ಗಾಡಿ, ಬಲಗಡೆಯ ಹುಲ್ಲುಗಾವಲು]

ಗಾಡಿಗೆ ಬರೋಣ. ಈ ಚಿತ್ರ ಆರು ಅಡಿಗೂ ಜಾಸ್ತಿ ಅಗಲ ಇದೆ. ಬರೆದದ್ದು ನದಿ ದಡದಲ್ಲಲ್ಲ, ಲಂಡನ್ನಿನ ಮನೆಯಲ್ಲಿ. ಮೊದಲು ಇಷ್ಟೇ ದೊಡ್ಡ ಕರಡು ಚಿತ್ರ ಮಾಡಿಕೊಂಡರು. ಗಾಡಿಯ ವಿವರ ಸರಿಯಾಗಿ ಬೇಕು ಅನ್ನಿಸಿ ಊರಿಗೆ ಹೇಳಿ ಕಳಿಸಿದರು. ಅಲ್ಲಿನ ಪರಿಚಯದ ಹುಡುಗ ಚಳಿಗಾಲದಲ್ಲಿ ನಡುಗುತ್ತಾ ಗಾಡಿಯ ಚಿತ್ರ ಬರೆದು ಕೊಟ್ಟ. ಎಡಗಡೆ ಇರುವುದು ವಿಲ್ಲಿ ಲಾಟ್ ಎಂಬ ರೈತನ ಮನೆ, ಅದು ಇವತ್ತಿಗೂ ಇದೆ. ಎಡಕ್ಕೆ ಮೋಡ ದಟ್ಟ, ಹಾಗಾಗಿ ಮರಗಳ ಕೆಳಗೆ ಕತ್ತಲು. ಬಲಕ್ಕೆ ಮೋಡ ತೆಳು, ಅಲ್ಲಿ ಹುಲ್ಲುಗಾವಲಿನ ಮೇಲೆ ಬಿಸಿಲು. ಗಮನಿಸಿ, ಬಿಸಿಲು ಮತ್ತು ನೆರಳು ಎರಡಕ್ಕೂ ಮೇಲೆ ಕಾರಣ ಇದೆ. ಎಲೆ, ನೀರಿನ ಮೇಲೆ ಅವರು ಇಡುತ್ತಿದ್ದ ಬಿಳಿ ಚುಕ್ಕೆಗಳನ್ನು ಜನ ‘ಕಾನ್‌ಸ್ಟೆಬಲ್ ಹಿಮ’ ಅಂತ ಆಡಿಕೊಂಡರು.

1821ರಲ್ಲಿ ಅಕಾಡೆಮಿ ಪ್ರದರ್ಶನದಲ್ಲಿಟ್ಟಾಗ ಯಾರೂ ಕೊಳ್ಳಲಿಲ್ಲ. ಪ್ಯಾರಿಸ್ಸಿನ ವ್ಯಾಪಾರಿಯೊಬ್ಬ ಕೊಂಡುಕೊಂಡು ಹೋಗಿ 1824ರ ಅಲ್ಲಿನ ಪ್ರದರ್ಶನದಲ್ಲಿ ಇಟ್ಟ. ಚಿನ್ನದ ಪದಕ ಬಂತು! ಕಾನ್‌ಸ್ಟೆಬಲ್ ಮಾತ್ರ ಜೀವನದಲ್ಲಿ ಒಮ್ಮೆಯೂ ಇಂಗ್ಲೆಂಡ್ ಬಿಟ್ಟು ಹೋಗಲಿಲ್ಲ.

ಮನೆಯ ಕಥೆ ಹೇಳಲೇಬೇಕು. ಮರಿಯಾ ಬಿಕ್ನೆಲ್ ಅವರನ್ನು ಪ್ರೀತಿಸಿ, ಅವರ ಮನೆಯವರ ವಿರೋಧದಿಂದ ಏಳು ವರ್ಷ ಕಾದು, 1816ರಲ್ಲಿ ಮದುವೆಯಾದರು. ಏಳು ಮಕ್ಕಳು. 1828ರಲ್ಲಿ ಮರಿಯಾ ಕ್ಷಯದಿಂದ ತೀರಿಕೊಂಡರು. ಮರುವರ್ಷ ಬರೆದ ‘ಹ್ಯಾಡ್ಲೀ ಕ್ಯಾಸಲ್’ ಚಿತ್ರದ ಬಿರುಗಾಳಿಯ ಆಕಾಶ, ಮುರಿದ ಗೋಪುರ ನೋಡಿದರೆ ಸಂಕಟವಾಗುತ್ತದೆ. ಅದೇ 1829ರಲ್ಲಿ ಅಕಾಡೆಮಿ ಪೂರ್ಣ ಸದಸ್ಯತ್ವ ಕೊಟ್ಟಿತು, ಅದೂ ಒಂದೇ ಒಂದು ಮತದ ಅಂತರದಲ್ಲಿ. ಆಗ ಅವರಿಗೆ 52 ವರ್ಷ.

1837ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾಡಿದ ಭಾಷಣದಲ್ಲಿ, ಚಿತ್ರಕಲೆಯೂ ಒಂದು ವಿಜ್ಞಾನ, ಚಿತ್ರಗಳು ಅದರ ಪ್ರಯೋಗಗಳು ಎಂದಿದ್ದರು. ಮನೆಯಲ್ಲಿ ಉಳಿದಿದ್ದ ಚಿತ್ರಗಳಲ್ಲಿ ಬಹಳಷ್ಟನ್ನು ಮಗಳು ಇಸಬೆಲ್ 1888ರಲ್ಲಿ ಲಂಡನ್ನಿನ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದು. ಅವರ ವೆಬ್‌ಸೈಟಿನಲ್ಲಿ ಕಾನ್‌ಸ್ಟೆಬಲ್ ಮೋಡಗಳನ್ನು ಹುಡುಕಿ, ದೊಡ್ಡದು ಮಾಡಿ ನೋಡಿ.