ಹಾರ್ಡ್‌ಟ್ಯಾಕ್: ತುಪ್ಪ ಹಾಕಿದರೆ ಕೆಡುವ ಬಿಸ್ಕತ್ತು

[ದೃಶ್ಯ: ಕಪ್ಪು ಹಿನ್ನೆಲೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಚಿತ್ರ]

ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಒಂದು ಬಿಸ್ಕತ್ತು ಇದೆ. ಅದರ ಮೈಮೇಲೆಯೇ ತಾರೀಖು ಬರೆದಿದೆ: 1784, ಏಪ್ರಿಲ್ 13, ಮಂಗಳವಾರ. ಟಿಪ್ಪು ಸುಲ್ತಾನ್ ಮತ್ತು ಇಂಗ್ಲಿಷರ ನಡುವೆ ಮಂಗಳೂರು ಒಪ್ಪಂದವಾಗಿ ಆಗಷ್ಟೇ ಒಂದು ತಿಂಗಳು ಕಳೆದಿತ್ತು. ಒಪ್ಪಂದ ಎಂಟು ವರ್ಷವೂ ಬಾಳಲಿಲ್ಲ. ಬಿಸ್ಕತ್ತು ಇಂದಿಗೂ ಇದೆ.

ಇದು ಹಡಗಿನ ಬಿಸ್ಕತ್ತು, ಹಾರ್ಡ್‌ಟ್ಯಾಕ್. ಹಿಟ್ಟು, ನೀರು, ಉಪ್ಪು; ಬೇರೇನೂ ಇಲ್ಲ. ಬ್ರಿಟಿಷ್ ನೌಕಾಪಡೆಯ ನಾವಿಕನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಸಿಗುತ್ತಿತ್ತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರ ಚೀಲದಲ್ಲಿದ್ದದ್ದೂ ಇದೇ. ಅವರು ಇದಕ್ಕೆ ಇಟ್ಟ ಅಡ್ಡಹೆಸರುಗಳಲ್ಲಿ ಒಂದು ‘ಹುಳುಗಳ ಕೋಟೆ’. ಬಿಸ್ಕತ್ತನ್ನು ಪುಡಿಮಾಡಿ ಬಿಸಿ ಕಾಫಿಗೆ ಹಾಕುವುದು, ಹುಳುಗಳು ತೇಲಿ ಬಂದ ಮೇಲೆ ಚಮಚದಿಂದ ತೆಗೆದೆಸೆಯುವುದು, ಉಳಿದದ್ದನ್ನು ಕುಡಿಯುವುದು. ಹುಳುಗಳಿಂದ ಕಾಫಿಯ ರುಚಿಯೇನೂ ಕೆಡುವುದಿಲ್ಲ ಎಂದು ಬರೆದಿಟ್ಟವರೂ ಇದ್ದಾರೆ. ಪರೀಕ್ಷಿಸುವ ಉತ್ಸಾಹ ನನಗಂತೂ ಇಲ್ಲ.

[ದೃಶ್ಯ: ಅಡುಗೆಮನೆಯ ಕಟ್ಟೆ. ಮೈದಾ, ಉಪ್ಪು, ನೀರು, ತಕ್ಕಡಿ]

ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಆಹಾರ ಕೆಡುವುದಕ್ಕೆ ಮುಖ್ಯ ದಾರಿಗಳು ಎರಡು. ಮೊದಲನೆಯದು ನೀರು. ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರು ಎಷ್ಟಿದೆ ಎಂಬುದಕ್ಕೆ ವಿಜ್ಞಾನಿಗಳು ಒಂದು ಅಳತೆ ಇಟ್ಟುಕೊಂಡಿದ್ದಾರೆ. ಶುದ್ಧ ನೀರಿಗೆ 1 ಅಂಕ. ಅದು 0.6ಕ್ಕಿಂತ ಕೆಳಗಿಳಿದರೆ ಬೂಷ್ಟು ಕೂಡ ಬೆಳೆಯದು. ಎರಡನೆಯದು ಜಿಡ್ಡು. ಎಣ್ಣೆ, ತುಪ್ಪ, ಬೆಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಮಟು ವಾಸನೆ ಹಿಡಿಯುತ್ತವೆ. ಎಷ್ಟು ಒಣಗಿಸಿದರೂ ಇದು ತಪ್ಪುವುದಿಲ್ಲ.

ಆದ್ದರಿಂದ ಒಂದು ಚಮಚ ತುಪ್ಪ ಹಾಕಿದರೆ ಮೃದುವಾಗುತ್ತದಲ್ಲವೇ ಎಂದು ಕೇಳಬೇಡಿ. ಆಗುತ್ತದೆ, ನಿಜ. ಆದರೆ ಹಾರ್ಡ್‌ಟ್ಯಾಕ್ ಬದಲು ಕೆಲವು ತಿಂಗಳಲ್ಲಿ ಕಮಟು ಹಿಡಿಯುವ, ಅಷ್ಟೇನೂ ರುಚಿಯಿಲ್ಲದ ಬಿಸ್ಕತ್ತು ನಿಮ್ಮ ಕೈಸೇರುತ್ತದೆ. ಹಾಲೂ ಬೇಡ. ಗೋಧಿ ಹಿಟ್ಟು ಕೂಡ ಬೇಡ, ಏಕೆಂದರೆ ಗೋಧಿಯ ಮೊಳಕೆಯ ಭಾಗದಲ್ಲಿ ಎಣ್ಣೆ ಇರುತ್ತದೆ. ಮೈದಾದಲ್ಲಿ ಆ ಭಾಗ ಬಹುಮಟ್ಟಿಗೆ ಹೋಗಿರುತ್ತದೆ. ಮೈದಾ ಎಂದೊಡನೆ ಹುಬ್ಬು ಗಂಟಿಕ್ಕುವವರು ಇದನ್ನು ದಿನನಿತ್ಯದ ಊಟವೆಂದು ಭಾವಿಸಬೇಕಿಲ್ಲ.

[ದೃಶ್ಯ: ಕಣಕ ನಾದುವುದು]

300 ಗ್ರಾಂ ಮೈದಾ, ಒಂದು ಸಣ್ಣ ಚಮಚ ಉಪ್ಪು, ಸುಮಾರು 140 ಮಿಲಿಲೀಟರ್ ನೀರು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಣಕ ಪೂರಿಯ ಹಿಟ್ಟಿಗಿಂತಲೂ ಗಟ್ಟಿಯಾಗಿರಬೇಕು. ಇಲ್ಲಿ ಹಾಕಿದ ಪ್ರತಿ ಹನಿಯನ್ನೂ ಆಮೇಲೆ ಓವನ್ನಿನಲ್ಲಿ ಹೊರಗೆ ಕಳಿಸಬೇಕು ಎಂಬುದು ನೆನಪಿರಲಿ. ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಲಟ್ಟಿಸುವುದು ಸುಲಭ.

ದಪ್ಪ ಎಷ್ಟಿರಬೇಕು? ಸೈನ್ಯದ ಬಿಸ್ಕತ್ತು ಸುಮಾರು ಅರ್ಧ ಇಂಚು ದಪ್ಪ ಇರುತ್ತಿತ್ತು. ಪೆಟ್ಟಿಗೆಗಳಲ್ಲಿ, ಸೈನಿಕರ ಬೆನ್ನ ಮೇಲೆ ಮೈಲಿಗಟ್ಟಲೆ ಹೋದರೂ ಅದು ಮುರಿಯಬಾರದಿತ್ತು. ನಿಮ್ಮ ಬಿಸ್ಕತ್ತು ಅಡುಗೆಮನೆಯ ಕಪಾಟಿನವರೆಗೆ ಮಾತ್ರ ಹೋಗುತ್ತದೆ. 6 ಮಿಲಿಮೀಟರ್ ಸಾಕು, ಬೇಗ ಒಣಗುತ್ತದೆ. ಉತ್ತರ ಕರ್ನಾಟಕದ ಕಡಕ್ ರೊಟ್ಟಿಯನ್ನು ನೋಡಿ: ಜೋಳದ ಅಥವಾ ಸಜ್ಜೆಯ ಹಿಟ್ಟು, ನೀರು, ಜಿಡ್ಡಿಲ್ಲ, ಹಾಳೆಯಷ್ಟು ತೆಳುವಾಗಿರುವುದರಿಂದ ತೇವ ಒಳಗೆ ಅಡಗಿ ಕೂರುವುದಕ್ಕೆ ಜಾಗವೇ ಇಲ್ಲ. ಅಡುಕಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಹಾರ್ಡ್‌ಟ್ಯಾಕ್‌ನ ತೊಂದರೆಯೆಲ್ಲ ಅದರ ದಪ್ಪದಲ್ಲಿದೆ.

[ದೃಶ್ಯ: ಚೌಕ ಕತ್ತರಿಸಿ, ಕಡ್ಡಿಯಿಂದ ತೂತು ಮಾಡುವುದು]

3 ಇಂಚಿನ ಚೌಕಗಳಾಗಿ ಕತ್ತರಿಸಿ. ಹತ್ತು ಹನ್ನೊಂದು ಬಿಸ್ಕತ್ತು ಬರುತ್ತವೆ. ಪ್ರತಿಯೊಂದಕ್ಕೂ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ 16 ತೂತು, ಆರಪಾರ. ಇದು ಅಲಂಕಾರಕ್ಕಲ್ಲ. ತೂತಿಲ್ಲದಿದ್ದರೆ ಒಳಗಿನ ಹಬೆ ಬಿಸ್ಕತ್ತನ್ನು ಪೂರಿಯಂತೆ ಉಬ್ಬಿಸುತ್ತದೆ.

ಓಟಿಜಿಯನ್ನು, ಅಂದರೆ ಮನೆಯ ಚಿಕ್ಕ ವಿದ್ಯುತ್ ಓವನ್ನನ್ನು, 190 ಡಿಗ್ರಿಗೆ ಕಾಯಿಸಿ, ಒಂದೊಂದು ಬದಿಗೆ 25 ನಿಮಿಷ ಬೇಯಿಸಿ. ಬಹಳಷ್ಟು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಅಸಲಿ ಕೆಲಸ ಇನ್ನು ಮುಂದಿದೆ. ಉಷ್ಣಾಂಶವನ್ನು 100 ಡಿಗ್ರಿಗೆ ಇಳಿಸಿ, ಹಬೆ ಹೊರಹೋಗಲು ಬಾಗಿಲಿಗೆ ಒಂದು ಮರದ ಸೌಟು ಸಿಕ್ಕಿಸಿ, ಎರಡು ಗಂಟೆ ಒಣಗಿಸಿ.

[ದೃಶ್ಯ: ತಕ್ಕಡಿಯ ಮೇಲೆ ಬಿಸ್ಕತ್ತುಗಳು, ಅಂಕಿ ಸ್ಪಷ್ಟವಾಗಿ ಕಾಣಬೇಕು]

ಒಣಗಿದೆಯೋ ಇಲ್ಲವೋ ಬಣ್ಣ ನೋಡಿ ಹೇಳಲಾಗದು. ತೂಕ ಮಾಡಿ. ಮೈದಾದಲ್ಲಿಯೇ ನೂರಕ್ಕೆ ಹನ್ನೆರಡು ಹದಿಮೂರು ಪಾಲು ತೇವ ಇರುತ್ತದೆ. ಆದ್ದರಿಂದ ನಾವು ಹಾಕಿದ ನೀರಷ್ಟೇ ಹೋದರೆ ಸಾಲದು, ಹಿಟ್ಟಿನದೂ ಸ್ವಲ್ಪ ಹೋಗಬೇಕು. ಕಣಕವನ್ನು ಚೂರೂ ಎಸೆಯದೆ ಬಳಸಿದ್ದರೆ ಎಲ್ಲ ಬಿಸ್ಕತ್ತುಗಳ ಒಟ್ಟು ತೂಕ 290 ಗ್ರಾಂ ಒಳಗೆ ಬರಬೇಕು. ಬರಲಿಲ್ಲವೇ, ಮತ್ತೆ ಒಳಗಿಡಿ. ಅನುಮಾನವಿದ್ದರೆ ಒಂದನ್ನು ಮುರಿದು ನಡುಭಾಗ ನೋಡಿ. ಅಲ್ಲಿ ಉಗುರು ಊರಿದರೆ ಇನ್ನೂ ಹಸಿ ಇದೆ ಎಂದರ್ಥ.

ಆರಿದ ತಕ್ಷಣ ರಬ್ಬರ್ ಬಳೆಯಿರುವ ಗಾಜಿನ ಜಾಡಿಗೆ ತುಂಬಿ, ಮೇಲೆ ತಾರೀಖು ಅಂಟಿಸಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ರಾತ್ರಿಯಿಡೀ ತಟ್ಟೆಯಲ್ಲಿ ಬಿಟ್ಟರೆ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಸಾಮಾನ್ಯ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನಾನು ನಂಬುವುದಿಲ್ಲ. ಹುಳುಗಳೂ ಬರುವುದು ಹೀಗೆಯೇ. ಓವನ್ನಿನ ಶಾಖದಲ್ಲಿ ಮೊಟ್ಟೆ ಉಳಿಯದು, ಅವು ಆಮೇಲೆ ಹೊರಗಿನಿಂದ ನುಸುಳುತ್ತವೆ.

[ದೃಶ್ಯ: ಬಾಣಲೆಯಲ್ಲಿ ನೆನೆಸಿದ ತುಂಡುಗಳು]

ತಿನ್ನುವುದು ಹೇಗೆ? ದಯವಿಟ್ಟು ಕಚ್ಚಬೇಡಿ. ಬಟ್ಟೆಯಲ್ಲಿ ಸುತ್ತಿ ಕುಟ್ಟಣಿಯಿಂದ ಒಡೆಯಿರಿ, ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ಉಪ್ಪುಮೀನಿನ ಜೊತೆ ಇಂದಿಗೂ ಬಡಿಸುತ್ತಾರೆ. ಅಮೆರಿಕದ ಸೈನಿಕರು ನೆನೆಸಿದ ತುಂಡುಗಳನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಿದ್ದರು. ಜಪಾನಿನಲ್ಲಿ ಭೂಕಂಪಕ್ಕೆಂದು ಡಬ್ಬಿಯಲ್ಲಿಟ್ಟು ಮಾರುವ ಇದರ ಚಿಕ್ಕ ರೂಪದ ಜೊತೆಗೆ ನಾಲ್ಕಾರು ಸಕ್ಕರೆ ಹರಳು ಇರುತ್ತವೆ, ಬಾಯಲ್ಲಿ ಜೊಲ್ಲು ಬರಲಿ ಎಂದು.

ನಾನು ಮಾಡುವುದು ಇಷ್ಟು: ನೆನೆದ ತುಂಡುಗಳನ್ನು ಹಿಂಡಿ, ಒಗ್ಗರಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ಬಾಡಿಸುತ್ತೇನೆ. ಆಗ ತುಪ್ಪ ಹಾಕಿ, ಎಷ್ಟು ಬೇಕಾದರೂ.