ಕೆಳಗಿನ ಚುಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ, ಈ ಮಳೆ, ಈ ಟ್ರಾಫಿಕ್ಕು ದಾಟಿ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಮುಂದಿನ ಎರಡು ಸಾಲಿನವರು ಬಂಡೆ ಹತ್ತುವವರು, ಅಂಗೈ ನೋಡಿದರೇ ಗೊತ್ತಾಗುತ್ತೆ. ಹಿಂದೆ ಕೂತಿರೋರು ಕ್ಯಾಮೆರಾದವರು. ಕೆಳಗೆ ನಿಂತು ಹಗ್ಗ ಹಿಡಿಯುವ ಬಿಲೇ ಅಂದರೇನು, ಟ್ರೈಪಾಡ್ ಯಾಕೆ ಬೇಕು ಅಂತೆಲ್ಲ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ನೇರವಾಗಿ ಶುರು ಮಾಡ್ತೀನಿ.

ಕೆಲವು ತಿಂಗಳ ಹಿಂದೆ ನನ್ನದೊಂದು ಚಿತ್ರ ಒಂದು ಕಡೆ ಅಚ್ಚಾಯಿತು. ಎಲ್ಲಿ ಅನ್ನೋದು ಇಲ್ಲಿ ಬೇಡ. ಕಪ್ಪು ಬಂಡೆ, ಅದರ ಮೇಲೆ ಬುಡದಿಂದ ನೆತ್ತಿಯವರೆಗೆ ಒಂದು ಬೆಳಕಿನ ಗೆರೆ, ರಾತ್ರಿ ಬಂಡೆ ಹತ್ತಿದವಳ ದೀಪ ಎಳೆದದ್ದು. ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರನ್ನು ಇಪ್ಪತ್ತೈದು ನಿಮಿಷ ತೆರೆದಿಟ್ಟು ತೆಗೆದದ್ದು. ಆ ಗೆರೆಯ ಬುಡದಲ್ಲಿ ಒಂದು ದಪ್ಪ ಬೆಳಕಿನ ಚುಕ್ಕೆ ಇತ್ತು. ಅಚ್ಚಾಗಿ ಬಂದಾಗ ನೋಡಿದರೆ ಆ ಚುಕ್ಕೆ ಇಲ್ಲ! ಫೋನ್ ಮಾಡಿ ಕೇಳಿದೆ. "ಕೆಳಗಡೆ ಏನೋ ಲೈಟ್ ಬಿದ್ದಿತ್ತಲ್ಲ, ಅದನ್ನ ಕ್ರಾಪ್ ಮಾಡಿದ್ವಿ, ಈಗ ನೀಟಾಗಿದೆ" ಅಂದರು.

ಅದು ಎಲ್ಲಿಂದಲೋ ಬಂದು ಬಿದ್ದ ಬೆಳಕಲ್ಲ. ಹಗ್ಗ ಹಿಡಿದು ನಿಂತಿದ್ದ ಹುಡುಗನ ಹೆಲ್ಮೆಟ್ಟಿಗೆ ನಾನೇ ಕಟ್ಟಿದ್ದ ದೀಪ. ಇಪ್ಪತ್ತೈದು ನಿಮಿಷ ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ. ಕದಲದೆ ಇದ್ದದ್ದಕ್ಕೇ ಇಡೀ ಚಿತ್ರದಲ್ಲಿ ಅಷ್ಟು ಹೊಳೆಯುವ ಜಾಗ ಇನ್ನೊಂದಿರಲಿಲ್ಲ. ಅದನ್ನೇ ಕತ್ತರಿಸಿ ತೆಗೆದರು. ಆ ಚುಕ್ಕೆಯ ಪರವಾಗಿ ಮಾತಾಡೋಕೆ ಅಂತಲೇ ನಾನು ಇವತ್ತು ಬಂದಿರೋದು.

ಮೊದಲು ಸ್ವಲ್ಪ ಲೆಕ್ಕ. ಕತ್ತಲಲ್ಲಿ ಶಟರ್ ತೆರೆದಿಟ್ಟಾಗ ಎರಡು ಬೇರೆ ಬೇರೆ ಕೆಲಸ ಒಟ್ಟಿಗೆ ನಡೀತಿರುತ್ತವೆ. ಬಂಡೆ ನಿಂತಲ್ಲೇ ಇರುತ್ತೆ, ಹೊತ್ತು ಹೋದಷ್ಟೂ ಅದರ ಬೆಳಕು ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂಡ್ತಾ ಹೋಗುತ್ತೆ. ಹತ್ತು ನಿಮಿಷಕ್ಕಿಂತ ಇಪ್ಪತ್ತು ನಿಮಿಷದಲ್ಲಿ ಬಂಡೆ ಎರಡರಷ್ಟು ಬೆಳಗುತ್ತೆ. ಹತ್ತುವವರ ದೀಪ ಹಾಗಲ್ಲ. ಅದು ಒಂದು ಜಾಗವನ್ನು ಮುಟ್ಟಿ ಮುಂದೆ ಹೋಗುತ್ತೆ. ನೀವು ಹತ್ತು ನಿಮಿಷ ತೆರೆದಿಡಿ, ಒಂದು ಗಂಟೆ ತೆರೆದಿಡಿ, ಗೆರೆಯ ಬೆಳಕು ಅಷ್ಟೇ. ಅಪರ್ಚರ್, ಅಂದರೆ ಲೆನ್ಸಿನ ಕಂಡಿಯ ಅಗಲ, ಮತ್ತು ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ನಿಮ್ಮ ಕೈಲಿದೆ, ಉಳಿದದ್ದು ಹತ್ತುವವರ ವೇಗ. ಸರಸರ ಹೋದ ಕಡೆ ಗೆರೆ ಕೂದಲೆಳೆಯಷ್ಟು ಸಣ್ಣ. ತಡವರಿಸಿದ ಕಡೆ ದಪ್ಪ. ನಿಂತ ಕಡೆ ಗಂಟು.

ಅಂದರೆ ಈ ಚಿತ್ರದಲ್ಲಿ ಶಕ್ತಿ, ಚುರುಕು ಇವೆಲ್ಲ ಮಸುಕಾಗಿ ಬರುತ್ತವೆ. ಅನುಮಾನ, ಭಯ, ಉಸಿರು ತಗೊಂಡಿದ್ದು, ಮುಂದಿನ ಹಿಡಿತಕ್ಕಾಗಿ ಬೆರಳಾಡಿಸಿದ್ದು ಹೊಳೆದು ಕಾಣುತ್ತೆ. ಹಗಲಿನ ಫೋಟೋದಲ್ಲಿ ಇದು ಸಿಗೋದಿಲ್ಲ. ಅಲ್ಲಿ ಸಿಗೋದು ಒಂದು ಭಂಗಿ, ಐನೂರನೇ ಒಂದು ಸೆಕೆಂಡು.

ಕೆಲಸಗಾರರ ಕೈಗೆ ದೀಪ ಕಟ್ಟಿ ಶಟರ್ ತೆರೆದಿಡೋದು ನೂರು ವರ್ಷಕ್ಕೂ ಹಳೆಯ ವಿದ್ಯೆ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್, ಲಿಲಿಯನ್ ಗಿಲ್‌ಬ್ರೆತ್ ದಂಪತಿ 1910ರ ದಶಕದಲ್ಲಿ ಇದನ್ನು ಮಾಡಿದರು. ಫ್ರಾಂಕ್ ಮೊದಲು ಇಟ್ಟಿಗೆ ಕಟ್ಟುವ ಗಾರೆ ಕೆಲಸ ಕಲಿತವನು. ಕಾರ್ಖಾನೆಯ ಕೆಲಸಗಾರರ ಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಕೈ ಓಡಾಡಿದ ದಾರಿಯನ್ನು ಒಂದೇ ಚಿತ್ರದಲ್ಲಿ ಹಿಡಿದರು. ಆಮೇಲೆ ಬಲ್ಬನ್ನು ಮಿಣುಕುವಂತೆ ಮಾಡಿ, ಗೆರೆಯನ್ನು ಚುಕ್ಕೆಚುಕ್ಕೆಯಾಗಿ ಒಡೆದು, ಸಮಯವನ್ನೂ ಎಣಿಸಿದರು. ಅವರ ಉದ್ದೇಶ ಅನವಶ್ಯಕ ಚಲನೆ, ವ್ಯರ್ಥವಾದ ಹೊತ್ತು ಇವನ್ನು ಹುಡುಕಿ ತೆಗೆಯೋದು. ಆ ವಿದ್ಯೆಗೆ ನಾನು ಋಣಿ. ಆದರೆ ಅವರು ತೆಗೆದುಹಾಕಬೇಕು ಅಂತ ಹುಡುಕಿದ್ದನ್ನ ನಾನು ಉಳಿಸಬೇಕು ಅಂತ ಹುಡುಕ್ತೀನಿ. ಬಂಡೆಯ ಮೇಲೆ ನಿಂತ ಹೊತ್ತು ವ್ಯರ್ಥವಾದ ಹೊತ್ತಲ್ಲ. ಹತ್ತುವವರನ್ನೇ ಕೇಳಿ.

ಈಗ ಆ ಚಿತ್ರದ ಕಥೆ. ಇದನ್ನು ಹೇಳದೆ ನಾನು ಮುಂದೆ ಹೋಗೋದಿಲ್ಲ.

ಜನವರಿ, ಅಮಾವಾಸ್ಯೆಯ ಆಸುಪಾಸು. ಮಾಗಡಿ ಕಡೆಯ ಒಂದು ಹಳ್ಳಿ. ಅರಣ್ಯದ ಗಡಿಯಿಂದ ಆಚೆ, ಒಬ್ಬರ ಹೊಲದಲ್ಲಿರುವ ಬಂಡೆ. ಅವರ ಒಪ್ಪಿಗೆ ಪಡೆದು ಹೋಗಿದ್ವಿ. ಊರಿನ ಹೆಸರು ಹೇಳಿದರೆ ಮುಂದಿನ ಭಾನುವಾರ ಅಲ್ಲಿ ಇನ್ನೂರು ಬೈಕು ನಿಲ್ಲುತ್ತವೆ, ಅದಕ್ಕೆ ಹೇಳೋಲ್ಲ. ಆ ಭಾಗದ ಬಂಡೆ ನಿಮಗೆ ಗೊತ್ತಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರೆ, ಮಾಗಡಿಯ ಬೆಟ್ಟಗಳು ಹತ್ತಿರ ಹೋದರೂ ನುಣ್ಣಗೇ! ಹಿಡಿಯೋಕೆ ಏನೂ ಇಲ್ಲ, ಶೂ ಅಂಟಿದರೆ ಉಂಟು. ಹತ್ತುತ್ತಿದ್ದವಳು ಒಬ್ಬ ಹುಡುಗಿ, ಕೆಳಗೆ ಹಗ್ಗ ಹಿಡಿದವನು ಅವಳ ಆಫೀಸಿನವನು. ಇಬ್ಬರ ಹೆಲ್ಮೆಟ್ಟಿನ ಹಿಂಭಾಗಕ್ಕೂ ಒಂದೊಂದು ಪುಟ್ಟ ದೀಪ ಕಟ್ಟಿದ್ದೆ. ಹಣೆಯ ದೀಪ ಬಂಡೆ ಕಡೆ ತಿರುಗಿರುತ್ತೆ, ಹಿಂದೆ ನಿಂತ ಕ್ಯಾಮೆರಾಗೆ ಅದು ಕಾಣೋದಿಲ್ಲ, ಅದಕ್ಕೆ. ನಾನು ಸುಮಾರು ಅರವತ್ತು ಮೀಟರ್ ದೂರದಲ್ಲಿ, ರಾಗಿ ಕೊಯ್ದ ಹೊಲದಲ್ಲಿ ಟ್ರೈಪಾಡ್ ಹೂಡಿ, ಶಟರ್ ಒತ್ತಿ, ಉಸಿರು ಬಿಗಿ ಹಿಡಿದು ಕೂತಿದ್ದೆ.

ಮೂರರಲ್ಲಿ ಎರಡು ಪಾಲು ಹತ್ತಿದ ಮೇಲೆ ಅವಳು ನಿಂತುಬಿಟ್ಟಳು. ಅಲ್ಲಿ ಕ್ರಕ್ಸ್, ದಾರಿಯಲ್ಲೇ ಅತಿ ಕಷ್ಟದ ಜಾಗ. ಹಗ್ಗ ಸಿಕ್ಕಿಸೋಕೆ ಬಂಡೆಗೆ ಹೊಡೆದ ಬೋಲ್ಟುಗಳಲ್ಲಿ ಕೆಳಗಿನದು ದೂರ, ಮೇಲಿನದು ಕೈಗೆ ಸಿಗ್ತಿಲ್ಲ. ಒಂದು ನಿಮಿಷ, ಎರಡು, ಮೂರು. ಆ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಕಂಬಳಿ ಹೊದ್ದ ಒಬ್ಬ ಅಜ್ಜ, ಕೈಲಿ ಕೋಲು, ಇನ್ನೊಂದು ಕೈಲಿ ಟಾರ್ಚು. ಟಾರ್ಚು ಲೆನ್ಸಿನ ಕಡೆ ತಿರುಗಿದರೆ ಚಿತ್ರ ಮುಗೀತು. ನಾನು ಕೈ ಮುಗಿದು, ಅಜ್ಜ, ದಮ್ಮಯ್ಯ, ಆರಿಸಿ ಅಂದೆ. ಪಾಪ, ತಕ್ಷಣ ಆರಿಸಿದರು.

"ಯಾರಪ್ಪಾ ನೀವು? ನಮ್ಮನೆ ಹೆಂಗಸ್ರು ಕೊಳ್ಳಿದೆವ್ವ ಬಂಡೆ ಹತ್ತಾದೆ ಅಂತ ಬಾಗ್ಲು ಹಾಕ್ಕಂಡವ್ರೆ" ಅಂದರು.

ನೀವು ಹೆದರಲಿಲ್ವಾ ಅಜ್ಜ ಅಂತ ಕೇಳಿದೆ. ಅವರು ಕೊಟ್ಟ ಉತ್ತರ ನನಗೆ ಇವತ್ತಿಗೂ ಬಾಯಿಪಾಠ. "ನಾನೂ ಕಣದಲ್ಲಿ ನಿಂತ್ಕಂಡು ನೋಡ್ದೆ. ದೆವ್ವ ಆಗಿದ್ರೆ ಸುಯ್ಯಂತ ಹೋಗ್ಬುಡೋದು. ಇದು ಮೂರು ಕಿತ ನಿಂತ್ಕಂತು, ಒಂದ್ಕಿತ ಹಿಂದಕ್ ಬಂತು. ಓ, ಇದು ಮನುಸ್ರೇಯ ಅಂತ ಬಂದೆ."

ಗಿಲ್‌ಬ್ರೆತ್ ದಂಪತಿಗೆ ಯಂತ್ರ ಬೇಕಾಯಿತು. ಈ ಅಜ್ಜ ಬರಿಗಣ್ಣಿನಲ್ಲಿ ಕತ್ತಲಲ್ಲಿ ಓದಿಬಿಟ್ಟರು, ತಡವರಿಸಿದ ಬೆಳಕು ಮನುಷ್ಯರದು ಅಂತ!

ಆಮೇಲೆ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಮೇಲಿರೋದು ಸರಿ, ಕೆಳಗೆ ಒಂದು ದೀಪ ಅಲ್ಲಾಡದಂಗೆ ನಿಂತದಲ್ಲ, ಅದ್ಯಾರು?" ಹಗ್ಗ ಹಿಡಿದವನು ಅಜ್ಜ, ಅವಳು ಜಾರಿದರೆ ಅವನೇ ತಡೀಬೇಕು ಅಂದೆ. "ಅವ್ಳಿಗೆ ಏನಾಗ್ಬೇಕು ಅವ್ನು?" ಏನೂ ಆಗಬೇಕಿಲ್ಲ, ಒಂದೇ ಆಫೀಸು ಅಂದೆ. ಅಜ್ಜ ಎದ್ದೇ ನಿಂತರು. "ಆಫೀಸ್ನೋರ್ನ ನಂಬ್ಕಂಡು ಹತ್ತವ್ಳಾ!"

ಅವರು ಚಿಕ್ಕಂದಿನಲ್ಲಿ ಕಂಡದ್ದನ್ನ ಹೇಳಿದರು. ಹೆಜ್ಜೇನು ಕೀಳೋಕೆ ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳೀತಿದ್ದರಂತೆ. ಹಗ್ಗ ಹಿಡಿಯೋನು ಇಳಿಯುವವನ ಹೆಂಡತಿಯ ತಮ್ಮನೇ ಆಗಿರಬೇಕಂತೆ. "ಅಕ್ಕನ ತಾಳಿ ಅವ್ನ ಕೈಯಾಗೇ ಇರ್ತದಲ್ಲ, ಬಿಟ್ಟಾನಾ?" ಕೊನೆಗೆ, "ಆ ಆಫೀಸ್ನೋನ ಹೆಸ್ರೇನು?" ಅಂತ ಕೇಳಿದರು. ಹತ್ತುವವಳ ಹೆಸರು ಕೇಳಲಿಲ್ಲ. ಹಗ್ಗ ಹಿಡಿದವನ ಹೆಸರು ಕೇಳಿದರು. ಹುಡುಗಿ ಏಳು ನಿಮಿಷ ನಿಂತು, ಆಮೇಲೆ ಎಡಕ್ಕೆ ಎರಡು ಹೆಜ್ಜೆ ಸರಿದು ದಾಟಿದಳು. ಅಜ್ಜ ಜೋರಾಗಿ, "ಭೇಷ್ ಮಗಾ!" ಅಂದರು. ಅದನ್ನು ಅವರು ಕೆಳಗಿನ ಚುಕ್ಕೆಯ ಕಡೆ ನೋಡಿಕೊಂಡು ಹೇಳಿದರು.

ಚಿತ್ರ ಕತ್ತರಿಸಿದ್ದಕ್ಕೆ ನನಗೆ ಯಾಕೆ ಅಷ್ಟು ನೋವಾಯಿತು ಅಂತ ಈಗ ತಿಳೀತಲ್ಲ.

ಬೆಂಗಳೂರಿನವರು ಈ ಕೆಲಸ ಮಾಡೋದರಲ್ಲಿ ಒಂದು ಭಾಗ್ಯ ಇದೆ, ಅದನ್ನು ಯಾರೂ ಹೇಳೋದಿಲ್ಲ. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಉತ್ತರಕ್ಕೆ ಒಂದು ಗುಡ್ಡ ಇದ್ದರೆ ಮುಚ್ಚಿಹೋಗುತ್ತೆ. ಹೊರದೇಶದ ಚಿತ್ರಗಳಲ್ಲಿ ಶಿಖರದ ಮೇಲೆ ಧ್ರುವದ ಸುತ್ತ ನಕ್ಷತ್ರಗಳು ಸುತ್ತುಸುತ್ತಾಗಿ ಬರುತ್ತವಲ್ಲ, ಅದನ್ನು ಇಲ್ಲಿ ಮಾಡೋಕೆ ಹೋಗಿ ಎಷ್ಟೋ ಹುಡುಗರು ಬೇಸರ ಮಾಡಿಕೊಳ್ತಾರೆ. ಪಶ್ಚಿಮಕ್ಕೆ ತಿರುಗಿ! ನಮ್ಮಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ನೆಟ್ಟಗೆ ಮುಳುಗುತ್ತವೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಇಪ್ಪತ್ತೈದು ನಿಮಿಷಕ್ಕೆ 6 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಬಂಡೆಯ ಪಕ್ಕದಲ್ಲಿ ನಕ್ಷತ್ರಗಳು ಸಣ್ಣ ಸಣ್ಣ ನೇರ ಗೆರೆಗಳಾಗಿ ಇಳೀತಿರುತ್ತವೆ, ಬಂಡೆಯ ಮೇಲೆ ಹುಡುಗಿ ಹತ್ತುತ್ತಿರುತ್ತಾಳೆ. ಚಿತ್ರದಲ್ಲಿ ಎಲ್ಲವೂ ಗೆರೆ. ಆ ಗೆರೆಗಳೆಲ್ಲ 250 ಕೋಟಿ ವರ್ಷದ ಬಂಡೆಯ ಮೇಲೆ, ಪಕ್ಕದಲ್ಲಿ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಇಲ್ಲಿನ ಗ್ರಾನೈಟಿಗೆ ಭೂವಿಜ್ಞಾನಿಗಳು ಇವತ್ತಿಗೂ ಅದೇ ಹೆಸರು ಹೇಳ್ತಾರೆ.

ಪೂರ್ವಕ್ಕೆ ತಿರುಗಿದರೆ ನಕ್ಷತ್ರ ಸಿಗೋದಿಲ್ಲ, ಬೆಂಗಳೂರು ಸಿಗುತ್ತೆ. 1905ರ ಆಗಸ್ಟ್ 5ರಂದು ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ನಮ್ಮ ಸಿಟಿ ಮಾರ್ಕೆಟ್ ಹತ್ತಿರ ಬೀದಿದೀಪ ಹೊತ್ತಿತು. ಆ ಬೆಳಕು ಈಗ ಮಾಗಡಿಯ ಮೋಡದವರೆಗೂ ಬಂದಿದೆ. ಆಕಾಶ ಹಾಳಾಯಿತು ಅಂತ ನನಗೂ ಸಂಕಟ ಇದೆ. ಆದರೆ ಆ ಅಮಾವಾಸ್ಯೆ ರಾತ್ರಿ ಬಂಡೆಯ ಪೂರ್ವದ ಮೈಯನ್ನು ಮಂಕಾಗಿ ತೋರಿಸಿದ್ದು ಈ ಊರಿನ ದೀಪಗಳೇ. ಹುಣ್ಣಿಮೆಯಾಗಿದ್ದರೆ ಬೇರೆ ಲೆಕ್ಕ. ಹುಣ್ಣಿಮೆಯ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು. ಐಎಸ್ಒ 100, ಅಪರ್ಚರ್ ಎಫ್/4, ಸುಮಾರು ನಾಲ್ಕು ನಿಮಿಷಕ್ಕೆ ಬಂಡೆ ಹಗಲಿನ ಹಾಗೆ ಬಂದುಬಿಡುತ್ತೆ. ಇಪ್ಪತ್ತೈದು ನಿಮಿಷ ತೆರೆದಿಟ್ಟರೆ ಬೆಳ್ಳಗಾಗಿ ಹೋಗುತ್ತೆ. ಅದಕ್ಕೆ ನಾನು ಹೊರಡೋ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡೋದು.

ಚೀಟಿ ಬಂತು. ಹತ್ತು ನಿಮಿಷ ಅಂತಿದ್ದಾರೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಎರಡು ಹೇಳ್ತೀನಿ.

ಒಂದು, ಈಗ ಬಹಳ ಜನ ಮೂವತ್ತು ಮೂವತ್ತು ಸೆಕೆಂಡಿನ ಐವತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸ್ತಾರೆ. ಸೆನ್ಸರ್ ಬಿಸಿಯಾಗೋದಿಲ್ಲ, ನಡುವೆ ಯಾರಾದರೂ ಟಾರ್ಚು ಬಿಟ್ಟರೆ ಆ ಒಂದು ಚಿತ್ರ ತೆಗೆದುಹಾಕಬಹುದು. ನನ್ನ ತಕರಾರಿಲ್ಲ. ಆದರೆ ಹೀಗೆ ಪೇರಿಸುವಾಗ ಸಾಮಾನ್ಯವಾಗಿ ಪ್ರತಿ ಜಾಗದಲ್ಲೂ ಅತಿ ಹೆಚ್ಚು ಬೆಳಕಿರುವ ಒಂದು ಚಿತ್ರವನ್ನಷ್ಟೇ ಸಾಫ್ಟ್‌ವೇರ್ ಆರಿಸಿಕೊಳ್ಳುತ್ತೆ, ಬೆಳಕನ್ನು ಕೂಡೋದಿಲ್ಲ. ಅವಳು ಏಳು ನಿಮಿಷ ನಿಂತದ್ದು ಅರ್ಧ ನಿಮಿಷ ನಿಂತ ಹಾಗೆ ಆಗುತ್ತೆ. ಕೆಳಗಿನ ಚುಕ್ಕೆ ಇಪ್ಪತ್ತೈದು ನಿಮಿಷ ಕಾದದ್ದು ಅರ್ಧ ನಿಮಿಷ ಕಾದ ಹಾಗೆ. ಕತ್ತರಿ ಹಾಕದೆಯೇ ಕತ್ತರಿಸಿದಂತಾಯಿತು. ನನ್ನ ವಿನಂತಿ, ಆದಷ್ಟು ಒಂದೇ ಎಕ್ಸ್‌ಪೋಷರಿನಲ್ಲಿ, ಅಂದರೆ ಶಟರ್ ಒಂದೇ ಸಲ ತೆರೆದು, ತೆಗೆಯಿರಿ. ಇಪ್ಪತ್ತೈದು ನಿಮಿಷದ ಚಿತ್ರದ ನಾಯ್ಸ್, ಅಂದರೆ ಸೆನ್ಸರ್ ಬಿಸಿಯಾಗಿ ಮೂಡುವ ಬೇಡದ ಚುಕ್ಕೆಗಳನ್ನು, ಕಳೆಯೋಕೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೊಂದು ಇಪ್ಪತ್ತೈದು ನಿಮಿಷ ತಗೊಳ್ಳುತ್ತೆ. ತಗೊಳ್ಳಲಿ. ಹಗ್ಗ ಹಿಡಿದವನು ಕಾದಿಲ್ಲವೇ, ನಾವೂ ಕಾಯೋಣ. ಪೇರಿಸಿದರೆ ಪೇರಿಸಿದ್ದೇವೆ ಅಂತ ಚಿತ್ರದ ಕೆಳಗೆ ಬರೆಯಿರಿ.

ಎರಡು, ದೀಪ ಎಲ್ಲಿಗೆ ಒಯ್ಯಬಾರದು ಅನ್ನೋದು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ನಮ್ಮ ದೀಪಕ್ಕೂ ಹಗ್ಗಕ್ಕೂ ಕೆಲಸವಿಲ್ಲ, ಚಿತ್ರ ಎಷ್ಟೇ ಚೆನ್ನಾಗಿ ಬರಲಿ. ಇನ್ನು ಹೆಜ್ಜೇನು. ಬೆಳದಿಂಗಳಲ್ಲೂ ಹಾರುವ ನೊಣ ಅದು, ರಾತ್ರಿ ದೀಪಕ್ಕೆ ಬಂದು ಮುತ್ತುತ್ತೆ. ಹಗ್ಗದಲ್ಲಿ ನೇತಾಡುತ್ತಿರೋರು ಓಡಿಹೋಗೋಕೆ ಆಗೋದಿಲ್ಲ. ಹಗಲು ಹೋಗಿ ಬಂಡೆಯನ್ನೆಲ್ಲ ದುರ್ಬೀನಿನಲ್ಲಿ ನೋಡಿ ಬನ್ನಿ, ಒಂದು ಜೇನುತಟ್ಟೆ ಕಂಡರೂ ಆ ಬಂಡೆ ಬಿಟ್ಟುಬಿಡಿ. ಊರವರನ್ನು ಕೇಳಿದರೆ ಇನ್ನೂ ಒಳ್ಳೇದು. ಆ ಅಜ್ಜ ನಮಗೆ ಬಂಡೆಯ ಬಲಗಡೆಗೆ ಹೋಗಬೇಡಿ ಅಂದಿದ್ದು ಇದಕ್ಕೇ.

ಇಬ್ಬನಿಯಿಂದ ಲೆನ್ಸ್ ಕಾಪಾಡೋದು, ಫಿಲ್ಮಿನಲ್ಲಿ ಹೊತ್ತು ಹೆಚ್ಚಾದಷ್ಟೂ ಬೆಳಕು ಹಿಡಿಯುವ ಶಕ್ತಿ ಕುಗ್ಗೋದು, ಇವನ್ನ ಆಮೇಲೆ ಕಾಫಿ ಕುಡೀತಾ ಮಾತಾಡೋಣ.

ಒಂದು ಮಾತು ಬಾಕಿ ಇದೆ. ಹೊರಗೆ ವರಾಂಡದಲ್ಲಿ ಹದಿನಾಲ್ಕು ಚಿತ್ರ ಹಾಕಿದ್ದೀವಿ. ಪ್ರತಿ ಚಿತ್ರದ ಕೆಳಗೂ ಎರಡು ಹೆಸರು ಇವೆ, ಹತ್ತಿದವರದು, ಹಗ್ಗ ಹಿಡಿದವರದು. ಬಲಗಡೆಯಿಂದ ಮೂರನೇ ಚಿತ್ರದಲ್ಲಿ ಮಾತ್ರ ಎರಡನೇ ಹೆಸರಿನ ಜಾಗ ಖಾಲಿ. ಅದು 2010ರಲ್ಲಿ ರಾಮನಗರದ ಹತ್ತಿರ ತೆಗೆದದ್ದು. ಅವತ್ತು ಯಾರ ಜೊತೆಗೋ ಬಂದಿದ್ದ ಕಾಲೇಜು ಹುಡುಗ, ಹಳದಿ ಸ್ವೆಟರ್ ಹಾಕಿದ್ದರು. ನಲವತ್ತು ನಿಮಿಷ ಹಗ್ಗ ಹಿಡಿದು ನಿಂತಿದ್ದರು. ನಾನು ಹತ್ತಿದವರ ಹೆಸರು ಬರೆದುಕೊಂಡೆ, ಅವರದನ್ನು ಕೇಳಲಿಲ್ಲ. ಈಗ ಅವರಿಗೆ ಮೂವತ್ತೈದರ ಆಸುಪಾಸು ಇರಬಹುದು. ಈ ಸಭೆಯಲ್ಲಿ ಇದ್ದರೆ, ಅಥವಾ ನಿಮಗೆ ಯಾರಿಗಾದರೂ ಅವರು ಗೊತ್ತಿದ್ದರೆ, ದಯವಿಟ್ಟು ನನ್ನನ್ನು ಕಾಣಿ. ಪೆನ್ಸಿಲ್ ಜೇಬಿನಲ್ಲೇ ಇದೆ.