ಮುಂಚೆ ಹೋಗಿ, ನಡೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನ ಯಾವ ಊರಿಗೆ ಹೋದರೂ ಮಿಲಿಟರಿಯಿಂದ ನಿವೃತ್ತರಾದವರು ಸಿಗುತ್ತಾರೆ. ಎಷ್ಟೋ ಜನ ಆಮೇಲೆ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ಸೇರುತ್ತಾರೆ. ನಾನೂ ಹಾಗೇ ಹೋದವನು. 14 ವರ್ಷ ಅಲ್ಲಿ ಕಂಪನಿಗಳಿಗೆ ಬರುವ ದೊಡ್ಡ ಅತಿಥಿಗಳ ರಕ್ಷಣೆಯ ಕೆಲಸ ಮಾಡಿದೆ. ಈಗ ಸಿದ್ದಾಪುರದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಇದೇ ಕೆಲಸಕ್ಕೆ ಹೊರಟಿರುವ ನಮ್ಮ ಹುಡುಗರು ರೇಡಿಯೋ ಮುಂದೆ ಕೂತಿದ್ದಾರೆ ಅಂದುಕೊಂಡು ಮಾತಾಡುತ್ತೇನೆ.

ಹುಡುಗರು ಮನೆಗೆ ಬಂದಾಗ ಮೊದಲು ಕೇಳುವುದು ಒಂದೇ. "ಅಂಕಲ್, ಗನ್ ಕೊಡ್ತಾರಾ?" ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಊರು ನಮ್ಮದು, ಕೇಳುವುದು ಸಹಜ. ಆದರೆ ದಯವಿಟ್ಟು ಆ ಪ್ರಶ್ನೆ ಬಿಡಿ. ಕೋವಿ ಹೊರಗೆ ತೆಗೆಯುವ ಹೊತ್ತು ಬಂತು ಅಂದರೆ ನಮ್ಮ ಕೆಲಸ ಆಗಲೇ ಕೆಟ್ಟಿದೆ ಅಂತ ಅರ್ಥ. ಅತಿಥಿ ಓಡಾಡುವ ದಾರಿಯನ್ನು ನೀವು ಮುಂಚೆ ಹೋಗಿ, ಅದೇ ಹೊತ್ತಿಗೆ ಹೋಗಿ, ನಡೆದು ನೋಡಬೇಕು. ನಾನು ಹೇಳಲು ಬಂದಿರುವುದು ಇದೊಂದೇ.

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಕೆಲಸದವರು ಇಳಿಯುವ ಮುಂಚೆ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಒಂದು ಸುತ್ತು ಹೋಗಿ ಬರುತ್ತಾರೆ ಅಲ್ವಾ? ರಾತ್ರಿ ಆನೆ ಬಂದಿತ್ತಾ, ಬೇಲಿ ಎಲ್ಲಿ ಮುರಿದಿದೆ, ಲದ್ದಿ ಆರಿದೆಯಾ, ಇನ್ನೂ ಬೆಚ್ಚಗಿದೆಯಾ, ಎಲ್ಲ ನೋಡುತ್ತಾರೆ. ಬೆಚ್ಚಗಿದ್ದರೆ ಆ ಕಡೆ ಯಾರನ್ನೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ನಾನು ಮಾಡಿದ್ದೂ ಅದೇ ಕೆಲಸ.

ಒಂದು ಸಲ ವಿದೇಶದ ಕಂಪನಿಯ ಮುಖ್ಯಸ್ಥರೊಬ್ಬರು ಬರುವವರಿದ್ದರು. ಸಂಜೆ ಏಳಕ್ಕೆ ಒಂದು ಹೋಟೆಲಿನಲ್ಲಿ ಸಭೆ, 300 ಜನ. ಹೋಟೆಲಿನವರು ನಕ್ಷೆ ಕಳಿಸಿದ್ದರು. ವೇದಿಕೆ ಹಿಂದೆ ಒಂದು ಬಾಗಿಲು, ಅಲ್ಲಿಂದ ಅಡುಗೆಮನೆ, ಅದನ್ನು ದಾಟಿದರೆ ಹಿಂದಿನ ಗೇಟು. ಏನಾದರೂ ಆದರೆ ಆ ಕಡೆಯಿಂದ ಹೊರಗೆ, ಗೇಟಿನಲ್ಲಿ ಕಾರು. ನಮ್ಮ ಮೇಲಿನವರು "ನಕ್ಷೆ ಇದೆಯಲ್ಲ, ಸಾಕು" ಅಂದರು. ನನಗೆ ಸಾಕಾಗಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಹೋಗಿ ನೋಡಿದೆ, ಎಲ್ಲ ಸರಿಯಾಗಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಸಂಜೆ ಏಳಕ್ಕೆ ಮತ್ತೆ ಹೋದೆ.

ವೇದಿಕೆ ಹಿಂದಿನ ಬಾಗಿಲಿಗೆ ಬೀಗ! ಬೀಗದ ಕೈ ಸ್ಟೋರಿನವನ ಹತ್ತಿರ. ಅವನ ಡ್ಯೂಟಿ ಆರಕ್ಕೆ ಮುಗಿದಿತ್ತು, ಮನೆಗೆ ಹೋಗಿದ್ದ. ಇನ್ನೊಂದು ಕೈ ಹುಡುಕಿ ತರುವಷ್ಟರಲ್ಲಿ ಇಪ್ಪತ್ತು ನಿಮಿಷ. ಒಳಗೆ ಅಡುಗೆಮನೆ ನೆಲ ಆಗಷ್ಟೇ ತೊಳೆದಿದ್ದರು, ಸೋಪಿನ ನೀರು ನಿಂತಿತ್ತು. ಬೂಟು ಹಾಕಿದ್ದ ನಾನೇ ಜಾರಿ ಗೋಡೆ ಹಿಡಿದುಕೊಂಡೆ. ಎರಡೂ ಕಡೆ ತಟ್ಟೆ ಪೇರಿಸಿದ ಟ್ರಾಲಿಗಳು, ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟೇ ಜಾಗ. ಹೇಗೋ ಗೇಟಿಗೆ ಬಂದರೆ ಅಲ್ಲಿ ಕಸದ ಲಾರಿ ಅಡ್ಡ ನಿಂತಿದೆ. ಡ್ರೈವರ್ ಟೀ ಕುಡಿಯಲು ಹೋಗಿದ್ದಾನೆ. ದಿನಾ ಏಳಕ್ಕೇ ಬರುತ್ತದಂತೆ. ಇದು ಯಾವ ನಕ್ಷೆಯಲ್ಲಿ ಕಾಣುತ್ತದೆ, ಹೇಳಿ?

ಮರುದಿನ ಲಾರಿಯನ್ನು ಐದಕ್ಕೇ ಕರೆಸಿ ಕಳಿಸಿದೆವು. ಟ್ರಾಲಿ ತೆಗೆಸಿದೆವು, ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿದೆವು. ಬೀಗದ ಕೈ ನನ್ನ ಜೇಬಿಗೆ ಬಂತು. ವೇದಿಕೆಯಿಂದ ಗೇಟಿಗೆ 64 ಹೆಜ್ಜೆ, ಎಣಿಸಿಟ್ಟುಕೊಂಡಿದ್ದೆ. ಸಭೆಯ ನಡುವೆ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಜನ ಗಾಬರಿಯಾಗಿ ಮುಂದಿನ ಬಾಗಿಲಿಗೆ ನುಗ್ಗಿದರು. ನಾನು ಅತಿಥಿಯ ತೋಳು ಹಿಡಿದು, ಹೆಜ್ಜೆ ಎಣಿಸುತ್ತಾ, ಕತ್ತಲಲ್ಲೇ ಕಾರಿಗೆ ಕರೆದುಕೊಂಡು ಹೋದೆ. ಒಂದು ನಿಮಿಷ ಹಿಡಿಯಿತು ಅಷ್ಟೇ. ನಮ್ಮ ಯಾರ ಹತ್ತಿರವೂ ಗನ್ ಇರಲಿಲ್ಲ.

ಈ ಕಥೆಗೇ ಹೊತ್ತು ಜಾಸ್ತಿ ಆಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

1963ರಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹೋಗುವ ದಾರಿ ಮೊದಲೇ ಪೇಪರಿನಲ್ಲಿ ಬಂದಿತ್ತು. ತೆರೆದ ಕಾರು. ಕಡಿದಾದ ತಿರುವಿನಲ್ಲಿ ವೇಗ ಇಳಿಯಿತು, ತಿರುಗಿದ ಸ್ವಲ್ಪ ಹೊತ್ತಿಗೆ ಗುಂಡು ಬಿತ್ತು. ದಾರಿ ಪಕ್ಕದ ಕಟ್ಟಡಗಳ ಕಿಟಕಿಗಳನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಸುತ್ತ ಪೊಲೀಸರು ಇದ್ದೇ ಇದ್ದರು. ಹಾರ ಹಿಡಿದು ಬಂದವಳು ಕಾಲಿಗೆ ಬಗ್ಗುವಷ್ಟು ಹತ್ತಿರ ಹೋಗಿದ್ದಳು. ಹಾರ ಹಾಕುವವರು ಯಾರು ಅನ್ನುವ ಪಟ್ಟಿಯೂ ಮುಂಚೆಯೇ ನಿಮ್ಮ ಕೈಯಲ್ಲಿರಬೇಕು.

ಆಸ್ಪತ್ರೆ ಮರೆಯಬೇಡಿ. 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಕಾರು ಶ್ವೇತಭವನಕ್ಕೆ ಹೊರಟಿತ್ತು. ಪಕ್ಕದಲ್ಲಿದ್ದ ರಕ್ಷಣಾ ಅಧಿಕಾರಿ ಜೆರ್ರಿ ಪಾರ್, ರೇಗನ್ ಬಾಯಲ್ಲಿ ನೊರೆ ನೊರೆಯಾಗಿ ರಕ್ತ ಕಂಡ ಕೂಡಲೇ ಕಾರನ್ನು ಆಸ್ಪತ್ರೆಗೆ ತಿರುಗಿಸಿದರು. ಜೀವ ಉಳಿಯಿತು. ಅಂಥ ಹೊತ್ತಿನಲ್ಲಿ ಫೋನ್ ತೆಗೆದು ಆಸ್ಪತ್ರೆ ಹುಡುಕುತ್ತಾ ಕೂರಲು ಆಗುವುದಿಲ್ಲ.

ಎರಡನೇ ದಾರಿ ಇಟ್ಟುಕೊಳ್ಳಿ. ಬೆಂಗಳೂರು ವಿಮಾನ ನಿಲ್ದಾಣದಿಂದ ಬರುವಾಗ ಹೆಬ್ಬಾಳದಲ್ಲಿ ಟ್ರಾಫಿಕ್ ಕಟ್ಟಿಕೊಂಡಿದ್ದರೆ ಹೆಣ್ಣೂರು-ಬಾಗಲೂರು ರಸ್ತೆ ಇದೆ. ಅದರಲ್ಲೂ ಒಮ್ಮೆ ಗಾಡಿ ಓಡಿಸಿ ನೋಡಿರಬೇಕು. ಒಂದೇ ದಾರಿ ನಂಬಿದರೆ ಏನಾಗುತ್ತದೆ ಅಂತ 2018ರ ಮಳೆಯಲ್ಲಿ ಸಂಪಾಜೆ ರಸ್ತೆ ಕುಸಿದಾಗ ನಾವೇ ಅನುಭವಿಸಿದ್ದೇವೆ.

ಮಾಜಿ ಸೈನಿಕರಿಗೆ ಒಂದು ಮಾತು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆ ಇದೆ. ಲೈಸೆನ್ಸ್ ಇರುವ ಏಜೆನ್ಸಿಗೇ ಸೇರಿ. ಹಳೇ ಮಿಲಿಟರಿ ಯೂನಿಫಾರ್ಮ್ ಹಾಕಿಕೊಂಡು ಕೆಲಸ ಮಾಡುವಂತಿಲ್ಲ. ಹೋಂಸ್ಟೇಯವರೇ, ಡ್ರೈವರ್ ಅಣ್ಣಂದಿರೇ, ಅತಿಥಿ ಊರು ಬಿಡುವ ತನಕ ಅವರ ಫೋಟೋ ಸ್ಟೇಟಸ್‌ಗೆ ಹಾಕಬೇಡಿ.

ಹುಡುಗರಿಗೆ ಒಂದು ಅಭ್ಯಾಸ ಕೊಟ್ಟು ಮುಗಿಸುತ್ತೇನೆ. ಮಡಿಕೇರಿ ಬಸ್ ನಿಲ್ದಾಣದಿಂದ ಜಿಲ್ಲಾ ಆಸ್ಪತ್ರೆಗೆ ಒಂದು ಸಾಧಾರಣ ದಿನ ನಡೆದು ಹೋಗಿ. ಆಮೇಲೆ ಶುಕ್ರವಾರ, ಸಂತೆ ತುಂಬಿರುವ ಹೊತ್ತಿಗೆ, ಇನ್ನೊಮ್ಮೆ ನಡೆಯಿರಿ. ಎರಡು ಸಲವೂ ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ನಿಲ್ಲಬೇಕಾಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಹತ್ತಿರ ಬರುವಾಗ ಆ ಚೀಟಿ ತನ್ನಿ.

ನಮಸ್ಕಾರ.